ಕಣ್ಣಿಗೆ ಕಟ್ಟಿದ ನದಿ

ಹದ್ದು ಮಿಸ್ ಗಣಿತದ ಮೇಷ್ಟ್ರ ಬೋಳುತಲೆಯನ್ನು ಎರಡೂ ಕೈಯಿಂದ ಬಿಗಿಯಾಗಿ ತಬ್ಬಿಕೊಂಡಾಗ ಸ್ಟಾಫ್ ರೂಮಿನಲ್ಲಿ ಶಾಲೆಯ ಶಿಕ್ಷಕವರ್ಗವೆಲ್ಲ ಹಾಜರಿತ್ತು.

ತಪ್ಪು ಅವರದೆನ್ನುವ ಹಾಗಿರಲಿಲ್ಲ. ತರಬೇತಿ ಕೊಡಲು ಬಂದಿದ್ದ ಕಂಪನಿಯವನು ಆಗಷ್ಟೇ ಅವರ ಕಣ್ಣಿಗೆ ಒಂದು ಕಪ್ಪು ಡಬ್ಬಿ ಕಟ್ಟಿ, ಹಿಂದಿನಿಂದ ಪಟ್ಟಿ ಬಿಗಿದು, "ಈಗ ನೋಡಿ ಮೇಡಂ" ಅಂದಿದ್ದ. ನೋಡಿದರೆ ಸ್ಟಾಫ್ ರೂಮು ಇಲ್ಲ, ಟೀ ಲೋಟಗಳಿಲ್ಲ, ತಿದ್ದದೆ ಬಿದ್ದಿದ್ದ ಉತ್ತರಪತ್ರಿಕೆಗಳ ಕಟ್ಟೂ ಇಲ್ಲ. ತಾವೊಂದು ಕಡಿದಾದ ಬೆಟ್ಟದ ಅಂಚಿನಲ್ಲಿ ನಿಂತಿದ್ದಾರೆ, ಕಾಲ ಹೆಬ್ಬೆರಳಿನ ಮುಂದೆಯೇ ಪ್ರಪಾತ. ಎದೆ ಧಸಕ್ಕೆಂದು ಒಂದು ಹೆಜ್ಜೆ ಹಿಂದಿಟ್ಟರು, ಆಸರೆಗೆಂದು ಕೈ ಚಾಚಿದರು, ನುಣ್ಣನೆಯ ಬಂಡೆಯೊಂದು ಸಿಕ್ಕಿತು, ಹೋದ ಜೀವ ಬಂತು.

"ಎಲ್ಲಾ ಸುಳ್ಳೇ ಇರಬಹುದು, ಈ ಬಂಡೆ ಮಾತ್ರ ಅಸಲಿ ಬಂಡೆ ಥರಾನೇ ಇದೆ. ಬಿಸಿಲಿಗೆ ಕಾದು ಬೆಚ್ಚಗಿದೆ ನೋಡಿ" ಎಂದು ಡಬ್ಬಿಯೊಳಗಿಂದಲೇ ವರದಿ ಕೊಟ್ಟರು.

ಬಂಡೆ ಕೆಮ್ಮಿತು. "ಮಿಸ್, ಅದು ನಂದು" ಅಂದಿತು.

ಗಣಿತದ ಮೇಷ್ಟ್ರಿಗೆ ಮಕ್ಕಳು ಇಟ್ಟಿದ್ದ ಹೆಸರು ಸೊನ್ನೆ ಮೇಷ್ಟ್ರು. ಅದು ತಲೆಯ ಆಕಾರ ನೋಡಿ ಇಟ್ಟದ್ದೋ, ಅವರು ಕೊಡುವ ಅಂಕ ನೋಡಿ ಇಟ್ಟದ್ದೋ ಎಂಬ ಚರ್ಚೆ ಶಾಲೆಯಲ್ಲಿ ಇನ್ನೂ ಮುಗಿದಿರಲಿಲ್ಲ. ಒಳ್ಳೆಯ ಮನುಷ್ಯ. ಕರವಸ್ತ್ರದಿಂದ ತಲೆ ಒರೆಸಿಕೊಂಡು ದೂರದ ಕುರ್ಚಿಗೆ ಹೋಗಿ ಕೂತರು. ಉಳಿದವರು ನಗು ತಡೆಯಲು ತಲೆ ತಗ್ಗಿಸಿ ಉತ್ತರಪತ್ರಿಕೆ ತಿದ್ದತೊಡಗಿದರು. ಆ ವರ್ಷ ಆ ಕಟ್ಟು ಅಷ್ಟು ಬೇಗ ಮುಗಿದದ್ದು ಹಾಗೆ.

ಅವಮಾನ ಸಂಜೆಯ ಬೆಲ್ಲು ಹೊಡೆಯುವಷ್ಟರಲ್ಲಿ ಇಳಿಯಿತು. ಅನುಮಾನ ಇಳಿಯಲಿಲ್ಲ. ಎಲ್ಲರೂ ತಮ್ಮನ್ನು ನೋಡುತ್ತಿದ್ದರು, ತಾವು ಮಾತ್ರ ಯಾರನ್ನೂ ನೋಡುತ್ತಿರಲಿಲ್ಲ ಎಂಬುದು ಹದ್ದು ಮಿಸ್ಸಿಗೆ ನುಂಗಲಾರದ ತುತ್ತಾಗಿತ್ತು. ಅವರ ವೃತ್ತಿಜೀವನದಲ್ಲಿ ಅಂಥದ್ದು ನಡೆದದ್ದು ಅದೇ ಮೊದಲು.

ಅವರು ಭೂಗೋಳದ ಟೀಚರು. ಓದಿದ್ದು ಇತಿಹಾಸ, ಖಾಲಿಯಿದ್ದದ್ದು ಭೂಗೋಳದ ಹುದ್ದೆ. ಹಾಗಾಗಿ ಕಾಲವನ್ನು ಬಿಟ್ಟು ದೇಶಕ್ಕೆ ಬಂದರು. ಮೊದಮೊದಲು ರಾತ್ರಿ ಕಲಿತದ್ದನ್ನು ಬೆಳಿಗ್ಗೆ ಕಲಿಸುತ್ತಿದ್ದರು. ಪಾಠ ಕಚ್ಚಾ ಇದ್ದ ಆ ದಿನಗಳಲ್ಲಿ ಮಕ್ಕಳು ಎಲ್ಲಿ ಪ್ರಶ್ನೆ ಕೇಳಿಬಿಡುತ್ತಾರೋ ಎಂಬ ಭಯಕ್ಕೆ ಅವರ ಕಣ್ಣುಗಳನ್ನೇ ನೋಡುತ್ತ ನಿಲ್ಲುವ ಅಭ್ಯಾಸವಾಯಿತು. ಭಯ ಹೋಯಿತು, ಅಭ್ಯಾಸ ಉಳಿಯಿತು. ಬರುಬರುತ್ತ ಬೋರ್ಡಿಗೆ ಬೆನ್ನು ಕೊಟ್ಟೇ ಭೂಪಟ ಬಿಡಿಸುವಷ್ಟು ಪಳಗಿದರು. ಯಾವ ಮಗು ಮುಂಗಾರಿನ ಪಾಠದಲ್ಲಿದೆ, ಯಾವುದು ಕಿಟಕಿಯಿಂದ ಹಾರಿ ಮೈದಾನಕ್ಕೆ ಹೋಗಿದೆ, ಯಾವುದರ ಹೊಟ್ಟೆ ನೋಯುತ್ತಿದೆ, ಯಾವುದರ ಮನೆಯಲ್ಲಿ ಬೆಳಿಗ್ಗೆ ಜಗಳವಾಗಿದೆ, ಎಲ್ಲವೂ ಅವರಿಗೆ ರೆಪ್ಪೆಯ ಮೇಲೆ ಬರೆದಿಟ್ಟ ಹಾಗೆ ಕಾಣುತ್ತಿತ್ತು. ಹದ್ದು ಎಂಬ ಹೆಸರು ಬಂದದ್ದು ಆ ಕಣ್ಣಿನಿಂದ. ಹದ್ದು ಮಿಸ್ ಕ್ಲಾಸಿನಲ್ಲಿ ಯಾರೂ ಹದ್ದು ಮೀರುವುದಿಲ್ಲ, ಅವರ ಕಣ್ಣಿಗೆ ಯಾವುದೂ ಮಿಸ್ ಆಗುವುದಿಲ್ಲ ಎಂದು ಮಕ್ಕಳೇ ಹಾಡು ಕಟ್ಟಿದ್ದರು. ಅದನ್ನು ಮೊದಲು ಹಾಡಿದ್ದು ಯಾರೆಂಬುದೂ ಅವರಿಗೆ ಗೊತ್ತಿತ್ತು.

ಮದುವೆಯಾದದ್ದೂ ಕಣ್ಣಿನ ದೆಸೆಯಿಂದಲೇ. ಕನ್ನಡಕದ ಅಂಗಡಿಯ ಯಜಮಾನರೊಬ್ಬರು ಶಾಲೆಗೆ ಕಣ್ಣು ಪರೀಕ್ಷೆಗೆಂದು ಬಂದಿದ್ದರು. ಟೀಚರುಗಳನ್ನೂ ಸಾಲಾಗಿ ಕೂರಿಸಿ ನೋಡಿದರು. ಹದ್ದು ಮಿಸ್ ಗೋಡೆಗೆ ತೂಗುಹಾಕಿದ್ದ ಅಕ್ಷರಗಳ ಚಾರ್ಟಿನ ಕಟ್ಟಕಡೆಯ ಸಾಲನ್ನಲ್ಲದೆ ಅದರ ಕೆಳಗೆ ಇರುವೆಯಷ್ಟು ಸಣ್ಣಗಿದ್ದ ಮುದ್ರಣಾಲಯದ ವಿಳಾಸವನ್ನೂ ಓದಿ ಒಪ್ಪಿಸಿದರು. "ನಿಮಗೆ ಕನ್ನಡಕ ಬೇಡ" ಎಂದು ಆತ ಹೇಳಬೇಕಾಯಿತು. ಗಿರಾಕಿ ಕೈತಪ್ಪಿದಳು, ಹೆಂಡತಿಯಾಗಿ ಕೈಹಿಡಿದಳು.

ಬಂಡೆಯ ಪ್ರಸಂಗ ನಡೆದ ಮಾರನೆಯ ದಿನ ದೊಡ್ಡ ಮಿಸ್, ಅಂದರೆ ಮುಖ್ಯೋಪಾಧ್ಯಾಯಿನಿ, ಹದ್ದು ಮಿಸ್ಸನ್ನು ತಮ್ಮ ಕೋಣೆಗೆ ಕರೆಸಿದರು. ಮೇಜಿನ ಮೇಲೆ ಅದೇ ಕಪ್ಪು ಡಬ್ಬಿ ಕೂತಿತ್ತು. ಪಕ್ಕದಲ್ಲಿ ಕಂಪನಿಯವನು ಕೂತಿದ್ದ. ಇಬ್ಬರ ಮುಖದಲ್ಲೂ ಒಂದೇ ಥರದ ಹೊಳಪು.

"ಬನ್ನಿ ಮಿಸ್. ಮುಂದಿನ ವಾರ ಆಡಳಿತ ಮಂಡಳಿ ಅಧ್ಯಕ್ಷರು ಬರ್ತಿದ್ದಾರೆ. ನೀವು ಏಳನೇ ಕ್ಲಾಸಿಗೆ ಈ ವಿಆರ್ ಕನ್ನಡಕದಲ್ಲಿ ನದಿ ಪಾಠ ಮಾಡ್ಬೇಕು. ಹುಟ್ಟೋ ಜಾಗದಿಂದ ಸಮುದ್ರದವರೆಗೆ, ಒಂದೇ ಪೀರಿಯಡ್ಡಲ್ಲಿ."

"ಮಾಡೋಣ. ಪ್ರವಾಸಕ್ಕೆ ಮುಂಚೆ ಒಂದು ಸಲ ತೋರಿಸಿದ ಹಾಗೂ ಆಗತ್ತೆ."

ದೊಡ್ಡ ಮಿಸ್ ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. "ಅದೇ ಹೇಳೋಣ ಅಂತಿದ್ದೆ. ಅಧ್ಯಕ್ಷರಿಗೆ ಇದು ಹಿಡಿಸಿದ್ರೆ ಈ ವರ್ಷದಿಂದ ಪ್ರವಾಸಾನೂ ಇದರಲ್ಲೇ. ಬಸ್ಸು ಬೇಡ, ವಾಂತಿ ಬೇಡ, ಕಾಲು ಜಾರಿ ಬೀಳೋ ಭಯ ಬೇಡ."

ಹದ್ದು ಮಿಸ್ಸಿಗೆ ಸ್ಟಾಫ್ ರೂಮಿನ ಪ್ರಪಾತ ಮತ್ತೆ ಕಾಲ ಬಳಿ ಬಂದಂತಾಯಿತು. ಪ್ರತಿವರ್ಷ ಏಳನೇ ತರಗತಿಯ ಮಕ್ಕಳನ್ನು ಬಸ್ಸಿನಲ್ಲಿ ತುಂಬಿಕೊಂಡು, ಊರಾಚೆಯ ಗುಡ್ಡದಲ್ಲಿ ನದಿ ಹುಟ್ಟುವ ಜಾಗಕ್ಕೆ ಕರೆದೊಯ್ಯುವುದು ಅವರು ಶುರುಮಾಡಿದ್ದ ಪದ್ಧತಿ. ಶಾಲೆಯಲ್ಲಿ ಅವರದು ಎಂದು ಹೇಳಬಹುದಾದದ್ದು ಅದೊಂದೇ. ದಾರಿಯಲ್ಲಿ ಎದುರಾಗುವ ಹಳೆಯ ವಿದ್ಯಾರ್ಥಿಗಳಿಗೆ ಅಕ್ಷಾಂಶ ರೇಖಾಂಶ ಯಾವುದೂ ನೆನಪಿರುತ್ತಿರಲಿಲ್ಲ. "ಮಿಸ್, ಆ ನದೀಲಿ ನನ್ನ ಒಂದು ಚಪ್ಪಲಿ ತೇಲಿಹೋಗಿತ್ತಲ್ಲ" ಎನ್ನುತ್ತಿದ್ದರು, ಮೀಸೆ ಬಂದ ಗಂಡಸರು.

"ನನಗೆ ಮಕ್ಕಳ ಕಣ್ಣು ಕಾಣ್ಬೇಕು" ಎಂದರು ಕಂಪನಿಯವನ ಕಡೆ ತಿರುಗಿ. "ಇದನ್ನ ಕಟ್ಟಿದ್ರೆ ನಿದ್ದೆ ಮಾಡೋನೂ ಒಂದೇ, ಪಾಠ ಕೇಳೋನೂ ಒಂದೇ."

"ಅದಕ್ಕೂ ವ್ಯವಸ್ಥೆ ಇದೆ ಮೇಡಂ." ಅವನು ಟ್ಯಾಬ್ಲೆಟ್ ತೆರೆದು ತೋರಿಸಿದ. "ಇಲ್ಲಿ ಒಂದೊಂದು ಮಗೂಗೂ ಒಂದೊಂದು ಚುಕ್ಕೆ. ನದಿ ಕಡೆ ನೋಡ್ತಿದ್ರೆ ಹಸಿರು. ಬೇರೆ ಕಡೆ ತಿರುಗಿದ್ರೆ ಕೆಂಪು."

"ಹೊಟ್ಟೆ ನೋವು ಬಂದ್ರೆ ಯಾವ ಬಣ್ಣ?"

ಕಂಪನಿಯವನು ನಕ್ಕ. ದೊಡ್ಡ ಮಿಸ್ ನಗಲಿಲ್ಲ.

"ಕಣ್ಣಿಗೆ ಕಟ್ಟೋ ಹಾಗೆ ಪಾಠ ಮಾಡಿ ಅಂತ ಟ್ರೈನಿಂಗಲ್ಲಿ ಹೇಳ್ಕೊಟ್ಟಿದ್ರು ನಮಗೆ. ಹೀಗೆ ಪಟ್ಟಿ ಬಿಗಿದು ಕಟ್ಟೋದು ಅಂತ ಗೊತ್ತಿರ್ಲಿಲ್ಲ" ಎಂದು ಗೊಣಗುತ್ತ ಹದ್ದು ಮಿಸ್ ಎದ್ದರು. ಏಳುವಾಗ ಅಭ್ಯಾಸ ಮಾಡುವ ನೆಪದಲ್ಲಿ ಮೇಜಿನ ಮೇಲಿದ್ದ ಡಬ್ಬಿಯನ್ನೂ ಕೇಳಿ ಎತ್ತಿಕೊಂಡರು.

ಅಭ್ಯಾಸವೆಂದರೆ ತನಿಖೆ. ಸಂಜೆ ಅಂಗಡಿಯಿಂದ ಬಂದ ಯಜಮಾನರು ಕೈಕಾಲು ತೊಳೆದು ಕುರ್ಚಿಯಲ್ಲಿ ಕೂರುತ್ತಿದ್ದಂತೆ ಹದ್ದು ಮಿಸ್ ಡಬ್ಬಿಯನ್ನು ಮುಂದೆ ಹಿಡಿದರು.

"ರೀ, ಒಂದ್ನಿಮಿಷ ಇದನ್ನ ಹಾಕ್ಕೊಳ್ಳಿ."

"ಇಂಥ ಫ್ರೇಮು ಮಾರಿದ್ರೆ ಗಿರಾಕೀನ ಬೀದಿ ನಾಯಿ ಅಟ್ಟಿಸ್ಕೊಂಡು ಹೋಗತ್ತೆ" ಎನ್ನುತ್ತಲೇ ಹಾಕಿಸಿಕೊಂಡರು. ಸಮುದ್ರದ ತಳ ಶುರುವಾಯಿತು.

"ಏನ್ ಕಾಣ್ತಿದೆ?"

"ಹೂಂ."

"ಮೀನಾ?"

"ಹೂಂ."

"ಅಡುಗೆಮನೆಗೆ ಬೆಂಕಿ ಬಿದ್ದಿದೆ."

"ಹೂಂ."

ಮದುವೆಯಾದಾಗಿನಿಂದ ಆತ ಎಲ್ಲ ಪ್ರಶ್ನೆಗೂ ಇದೇ ಉತ್ತರ ಕೊಡುತ್ತಿದ್ದುದರಿಂದ ಇದನ್ನು ಸಾಕ್ಷಿಯೆಂದು ಒಪ್ಪುವುದು ಕಷ್ಟವಿತ್ತು. ಹದ್ದು ಮಿಸ್ ಕಾದರು. ಸ್ವಲ್ಪ ಹೊತ್ತಿಗೆ ಸಮುದ್ರದ ತಳದಿಂದ ಗೊರಕೆ ಕೇಳಿಬಂತು. ಬೆನ್ನು ನೆಟ್ಟಗೆ, ಮುಖ ಮುಂದಕ್ಕೆ, ಕೈ ತೊಡೆಯ ಮೇಲೆ. ನೋಡಿದವರು ಎಂಥ ಶ್ರದ್ಧಾವಂತ ವಿದ್ಯಾರ್ಥಿ ಎನ್ನಬೇಕು.

"ನಿದ್ದೆ ಅಲ್ಲ ಕಣೇ, ತಲ್ಲೀನತೆ" ಎಂದರು, ಡಬ್ಬಿ ಕಿತ್ತಾಗ ಕಣ್ಣುಜ್ಜಿಕೊಂಡು. "ಅಲ್ಲಾ, ನಿಂಗೆ ಅನುಮಾನ ಇರೋದು ಯಂತ್ರದ ಮೇಲೋ, ದೊಡ್ಡ ಮಿಸ್ ಮೇಲೋ?"

"ಇಬ್ಬರ ಮೇಲೂ. ನಿಮ್ಮ ಮೇಲೂ. ಆ ಕಂಪನಿಯವನು ಮೊನ್ನೆ ನಿಮ್ಮ ಅಂಗಡಿಗೆ ಬಂದಿದ್ನಂತೆ?"

"ಲೆನ್ಸ್ ಒರೆಸೋ ಬಟ್ಟೆ ಕೇಳೋಕೆ ಬಂದಿದ್ದ ಮಾರಾಯ್ತಿ."

"ಎಲ್ಲಾ ಹಾಗೇ ಶುರುವಾಗೋದು."

ಯಜಮಾನರು ತಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. ಹೆಂಡತಿಯ ಸಂಶಯಕ್ಕೆ ಒಂದು ನಂಬರು ಕೊಡುವ ಹಾಗಿದ್ದರೆ ಅದಕ್ಕೆ ತಕ್ಕ ಗಾಜು ತಮ್ಮ ಅಂಗಡಿಯಲ್ಲಿ ಸಿಗುವುದಿಲ್ಲವೆಂದು ಅವರಿಗೆ ಗೊತ್ತಿತ್ತು.

ಪಾಠದ ದಿನ ಸಭಾಂಗಣದಲ್ಲಿ ಬೆಂಚು ಜೋಡಿಸಿದ್ದರು. ಕಂಪನಿಯವನು ಮಕ್ಕಳಿಗೆ ಕನ್ನಡಕ ಹಂಚುತ್ತ ಮತ್ತೆ ಮತ್ತೆ ಒಂದೇ ಎಚ್ಚರಿಕೆ ಹೇಳುತ್ತಿದ್ದ. "ಇದನ್ನ ಬೆಂಚಿನ ಮೇಲೆ ಮಲಗಿಸಬಾರದು. ಗಾಜಿಗೆ ಗೀರು ಬೀಳತ್ತೆ. ತೆಗೆದ್ರೂ ಯಾವುದಕ್ಕಾದ್ರೂ ತೊಡಿಸಿಯೇ ಇಡ್ಬೇಕು. ಗೊತ್ತಾಯ್ತಾ?" ಮಕ್ಕಳು ಒಕ್ಕೊರಲಿನಿಂದ ಗೊತ್ತಾಯಿತೆಂದರು.

ಹದ್ದು ಮಿಸ್ ತಮ್ಮ ಎಂದಿನ ಪ್ರವಾಸದ ಕ್ರಮವನ್ನು ಒಂದಿಷ್ಟೂ ಬಿಡಲಿಲ್ಲ. ಮೊದಲು ಎಲ್ಲರನ್ನೂ ಶೌಚಾಲಯಕ್ಕೆ ಅಟ್ಟಿದರು. ಬಂದ ಮೇಲೆ ಹಾಜರಿ ಕೂಗಿದರು. ಇಬ್ಬಿಬ್ಬರನ್ನು ಜೋಡಿ ಮಾಡಿ ಕೈಕೈ ಹಿಡಿಸಿದರು. ಕೊರಳಿಗೆ ಸೀಟಿ ನೇತುಹಾಕಿಕೊಂಡರು. ಪ್ರವಾಸದಲ್ಲಿ ಅವರ ಕಾನೂನು ಇಷ್ಟೆ: ಸೀಟಿ ಊದಿದ ತಕ್ಷಣ ಪ್ರತಿ ಜೋಡಿಯೂ ಹಿಡಿದ ಕೈಯನ್ನು ಮೇಲೆತ್ತಬೇಕು. ಎಲ್ಲಾದರೂ ಒಂಟಿ ಕೈ ಕಂಡರೆ ಯಾರೋ ತಪ್ಪಿಸಿಕೊಂಡಿದ್ದಾರೆಂದು ಅರ್ಥ.

"ಮೇಡಂ, ನಾವು ಎಲ್ಲಿಗೂ ಹೋಗ್ತಿಲ್ಲ" ಎಂದ ಕಂಪನಿಯವನು, ನಗು ತಡೆಯಲಾರದೆ.

"ಹಾಗೆ ಅಂದ್ಕೊಂಡವರೇ ಕಳೆದುಹೋಗೋದು" ಎಂದರು ಹದ್ದು ಮಿಸ್.

ಅಧ್ಯಕ್ಷರು ಬಂದರು. ಮರದ ಡಿಪೋ ನಡೆಸುವವರು, ಯಾವ ವಸ್ತುವನ್ನೇ ಆಗಲಿ ಬೆರಳಿನ ಗೆಣ್ಣಿನಿಂದ ಕುಟ್ಟಿ ನೋಡಿ ಬೆಲೆಕಟ್ಟುವ ಅಭ್ಯಾಸ. ಕನ್ನಡಕವನ್ನೂ ಕುಟ್ಟಿ ನೋಡಿದರು. ತಮಗೆ ತಲೆನೋವಿದೆ, ಕಟ್ಟಿಕೊಳ್ಳುವುದಿಲ್ಲ, ಚುಕ್ಕೆ ನೋಡುತ್ತೇನೆ ಎಂದು ಟ್ಯಾಬ್ಲೆಟ್ ಹಿಡಿದು ಕೂತರು. ದೊಡ್ಡ ಮಿಸ್ ಮುಂದಿನ ಸಾಲಿನಲ್ಲಿ ಕನ್ನಡಕ ಕಟ್ಟಿಕೊಂಡರು. ಸೊನ್ನೆ ಮೇಷ್ಟ್ರು ಟೊಪ್ಪಿ ಹಾಕಿಕೊಂಡು ಬಂದಿದ್ದರು. ಹದ್ದು ಮಿಸ್ಸಿನ ಕೈಗೆ ಎಟುಕದಷ್ಟು ದೂರ ನೋಡಿ ಕೂತು, ತಾವೂ ಕಟ್ಟಿಕೊಂಡರು.

ಹದ್ದು ಮಿಸ್ ಕನ್ನಡಕವನ್ನು ಕೈಯಲ್ಲೇ ಹಿಡಿದು ನಿಂತಿದ್ದರು. ಕಟ್ಟಿಕೊಳ್ಳುವ ಯೋಚನೆ ಅವರಿಗೆ ಇರಲೇ ಇಲ್ಲ.

"ಏನ್ ಮಿಸ್, ಟೀಚರೇ ಹಾಕ್ಕೊಳ್ಳದಿದ್ರೆ ಮಕ್ಕಳಿಗೆ ಹೇಗೆ ನಂಬಿಕೆ ಬರತ್ತೆ?" ಎಂದರು ಅಧ್ಯಕ್ಷರು.

ಬೇರೆ ದಾರಿಯಿರಲಿಲ್ಲ. ಪಟ್ಟಿಯನ್ನು ಸಡಿಲವಾಗಿ ಕಟ್ಟಿಕೊಂಡರು. ಮೂಗಿನ ಪಕ್ಕದ ಸಂದಿಯಿಂದ ಮುಂದಿನ ಎರಡು ಬೆಂಚು ಕಾಣುವಂತೆ ತಲೆಯನ್ನು ಕೊಂಚ ಮೇಲೆತ್ತಿದರು. ನದಿಯ ಮೊದಲ ತಿರುವಿಗೆ ಸೀಟಿ ಊದುವುದು, ಜೋಡಿ ನೋಡುವುದು, ಎರಡನೆಯದಕ್ಕೆ ಮತ್ತೆ ಊದುವುದು, ಹೀಗೆಂದು ಮನಸ್ಸಿನಲ್ಲೇ ಗಂಟು ಹಾಕಿಕೊಂಡರು.

"ಮಕ್ಕಳೇ, ಇದು ನದಿ ಹುಟ್ಟೋ ಜಾಗ" ಎಂದು ಶುರುಮಾಡಿದರು.

ಬೆಟ್ಟದ ನೆತ್ತಿಯಲ್ಲಿ ಹಿಮ ಕರಗಿ ಒಂದು ಹನಿ ತೊಟ್ಟಿಕ್ಕಿತು. ಇನ್ನೊಂದು ಹನಿ ಬಂದು ಅದನ್ನು ಕೂಡಿಕೊಂಡಿತು. ಕಲ್ಲಿನ ಮೇಲೆ ನೂಲಿನಷ್ಟು ನೀರು ದಾರಿ ಹುಡುಕುತ್ತ ಹೊರಟಿತು, ತಡೆದಲ್ಲಿ ಸುತ್ತಿ ಬಂತು, ಇಳಿಜಾರು ಸಿಕ್ಕಲ್ಲಿ ಓಡಿತು. ಮೂಗಿನ ಸಂದಿಯ ಬೆಂಚುಗಳು ಎಲ್ಲಿ ಹೋದವೋ. ಕಣಿವೆಯ ಗೋಡೆಗಳು ಎರಡೂ ಕಡೆ ಎದ್ದವು, ನೀರು ನೊರೆ ಕಾರಿತು, ಬಯಲಿಗೆ ಬಂದದ್ದೇ ತಡ ಏನೂ ಅವಸರವಿಲ್ಲದಂತೆ ಬಾಗಿ ಬಳುಕಿತು. ಅವರು ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಅದೆಷ್ಟು ಸಲ ಎಳೆದಿದ್ದ ತಿರುವು! ಒಳದಂಡೆಯಲ್ಲಿ ಮರಳು ಕೂರುತ್ತದೆ, ಹೊರದಂಡೆ ಸವೆಯುತ್ತದೆ ಎಂದು ಬಾಯಿಪಾಠವಾಗಿ ಹೇಳುತ್ತ ಬಂದದ್ದು ಇಲ್ಲಿ ಹೇಳಿಸಿಕೊಳ್ಳದೆಯೇ ನಡೆಯುತ್ತಿತ್ತು. ದಂಡೆಯ ಒಂದು ಹೆಂಟೆ ಕಳಚಿ ನೀರಿಗೆ ಬಿತ್ತು. ಹದ್ದು ಮಿಸ್ "ಅಯ್ಯೋ" ಅಂದರು. ಪಾಠದಲ್ಲಿ ಅವರು ಆಡಿದ ಎರಡನೆಯ ಮಾತು ಅದು. ಮೂರನೆಯದು ಬರಲೇ ಇಲ್ಲ. ಸೀಟಿ ಎದೆಯ ಮೇಲೆ ಸುಮ್ಮನೆ ನೇತಾಡುತ್ತಿತ್ತು.

ಎಲ್ಲೋ ದೂರದಿಂದ, ನದಿಯಾಚೆಯ ದಡದಿಂದೆಂಬಂತೆ, ಅಧ್ಯಕ್ಷರ ದನಿ ಕೇಳಿಸಿತು. "ಈ ಮೂಲೆಯ ಚುಕ್ಕೆ ನೋಡಪ್ಪಾ! ಆಗಿನಿಂದ ಹಸಿರೇ ಇದೆ. ಒಂದು ಕೂದಲೆಳೆ ಅಲ್ಲಾಡಿಲ್ಲ. ಏನ್ ಏಕಾಗ್ರತೆ! ಯಾರದು ಇದು? ಬಹುಮಾನ ಕೊಡೋಣ."

"ಹಿಂದಿನ ಬೆಂಚು ಸರ್. ಹುಡುಗಿ" ಎಂದ ಕಂಪನಿಯವನು, ಹೆಮ್ಮೆಯಿಂದ.

ಹದ್ದು ಮಿಸ್ಸಿನ ಹಳೆಯ ಅನುಮಾನ ತಲೆಯೆತ್ತಿತು. ಏಳನೇ ತರಗತಿಯ ಮಗು, ಕೂದಲೆಳೆಯಷ್ಟೂ ಅಲ್ಲಾಡಿಲ್ಲ? ಅಂಥ ಮಗು ಹುಟ್ಟಿಲ್ಲ. ಹುಟ್ಟಿದ್ದರೂ ಈ ಶಾಲೆಗೆ ಸೇರಿಲ್ಲ. ಕನ್ನಡಕವನ್ನು ಹಣೆಗೆ ದೂಡಿ, ಉಸಿರು ತುಂಬಿಕೊಂಡು ಸೀಟಿ ಊದಿದರು.

ಸಭಾಂಗಣದ ತುಂಬ ಕನ್ನಡಕದ ಮುಖಗಳು ಬೆಚ್ಚಿದವು. ಜೋಡಿಕೈಗಳು ಸಾಲಾಗಿ ಮೇಲೆದ್ದವು. ಕೊನೆಯ ಬೆಂಚಿನಲ್ಲಿ ಒಂಟಿ ಕೈಯೊಂದು ಎದ್ದು, ಪಕ್ಕದ ಗಾಳಿಯನ್ನು ತಡಕಿತು.

"ಮಿಸ್, ನನ್ನ ಜೋಡಿ ಇಲ್ಲ!"

ಜೋಡಿ ಅಂದರೆ ಗುಬ್ಬಿ, ಕ್ಲಾಸಿನಲ್ಲೆಲ್ಲ ಸಣ್ಣಗಿದ್ದ, ಮೆತ್ತಗಿನ ಹುಡುಗಿ. ಅವಳು ಕೂತಿದ್ದ ಜಾಗದಲ್ಲಿ ಅವಳ ಶಾಲೆಯ ಚೀಲ ಕೂತಿತ್ತು. ಚೀಲಕ್ಕೆ ನೀಟಾಗಿ ಕನ್ನಡಕ ತೊಡಿಸಿ, ಹಿಂದಿನಿಂದ ಪಟ್ಟಿಯನ್ನೂ ಬಿಗಿದಿದ್ದಳು. ಹೇಳಿದ ಮಾತನ್ನು ಅಕ್ಷರಶಃ ಪಾಲಿಸುವ ಮಗು ಅದು. ಆ ದಿನ ನದಿಯನ್ನು ಚಿತ್ತ ಚಂಚಲವಾಗದೆ ನೋಡಿದ್ದು ಆ ಚೀಲವೊಂದೇ.

ಅಧ್ಯಕ್ಷರು ಚೀಲವನ್ನು ನೋಡಿದರು, ಟ್ಯಾಬ್ಲೆಟ್ಟಿನ ಹಸಿರು ಚುಕ್ಕೆ ನೋಡಿದರು, ಬಹುಮಾನದ ಮಾತು ನುಂಗಿಕೊಂಡರು. ಹದ್ದು ಮಿಸ್ ಆಗಲೇ ಬಾಗಿಲು ದಾಟಿ ಓಡುತ್ತಿದ್ದರು. ಗೇಟು ತೆರೆದಿತ್ತು. ಗೇಟಿನಾಚೆ ಲಾರಿ ಓಡಾಡುವ ರಸ್ತೆ. ರಸ್ತೆಯತ್ತ ಓಡಿದವರು ಅರ್ಧದಲ್ಲಿ ನಿಂತು, ನಲ್ಲಿ ನೀರಿನ ಸದ್ದಿಗೆ ತಿರುಗಿದರು.

ಮೆಟ್ಟಿಲ ಕೆಳಗಿನ ನಲ್ಲಿಯ ಪಕ್ಕ ಗುಬ್ಬಿ ಕೂತಿದ್ದಳು. ಮುಖ ಒದ್ದೆ, ತುಟಿ ಬಿಳಿ. ಹದ್ದು ಮಿಸ್ ಅವಳ ಮುಂದೆ ನೆಲದಲ್ಲೇ ಕುಸಿದು ಕೂತರು.

"ಏನಾಯ್ತು ಕಂದಾ?"

"ತಲೆ ತಿರುಗ್ತು ಮಿಸ್. ವಾಂತಿ ಬರೋ ಹಾಗಾಯ್ತು."

"ಕೈ ಎತ್ತಬೇಕು ತಾನೇ? ಹೇಳಬೇಕು ತಾನೇ?"

"ಎತ್ತಿದ್ದೆ ಮಿಸ್. ತುಂಬಾ ಹೊತ್ತು ಎತ್ತಿದ್ದೆ." ಗುಬ್ಬಿ ಮೂಗೊರೆಸಿಕೊಂಡಳು. "ನೀವು ನದಿ ನೋಡ್ತಿದ್ರಿ."

ಬೈಗುಳವಾಗಿದ್ದರೆ ಹದ್ದು ಮಿಸ್ ತಡೆದುಕೊಳ್ಳುತ್ತಿದ್ದರು. ಇದು ಬರಿಯ ಸುದ್ದಿಯಾಗಿತ್ತು. ಮಗುವಿನ ಮುಖ ಒರೆಸಿದರು, ಕೈಹಿಡಿದು ಕರೆತಂದು ತಮ್ಮ ಕುರ್ಚಿಯಲ್ಲಿ ಕೂರಿಸಿದರು.

ಮಕ್ಕಳನ್ನು ತರಗತಿಗೆ ಕಳಿಸಿದ ಮೇಲೆ ದೊಡ್ಡವರ ಪಾಠ ಶುರುವಾಯಿತು. ದೊಡ್ಡ ಮಿಸ್ ಕಂಪನಿಯವನತ್ತ ನೋಡಿದರು, ಕಂಪನಿಯವನು ಚೀಲದತ್ತ ನೋಡಿದ. "ಇದನ್ನೆಲ್ಲ ಕಟ್ಟಿ ವಾಪಸ್ ಕಳಿಸಿಬಿಡಿ" ಎಂದು ಅಧ್ಯಕ್ಷರು ಎದ್ದರು. ಹದ್ದು ಮಿಸ್ ಈಗ ಹೂಂ ಎಂದಿದ್ದರೆ ಸಾಕಿತ್ತು.

"ಬೇಡ ಸರ್, ಇರ್ಲಿ" ಅಂದರು.

ಎಲ್ಲರೂ ಅವರನ್ನು ಅನುಮಾನದಿಂದ ನೋಡಿದರು. ಸೊನ್ನೆ ಮೇಷ್ಟ್ರಂತೂ ಟೊಪ್ಪಿ ತೆಗೆದೇ ನೋಡಿದರು.

"ತಪ್ಪು ಅದರದ್ದಲ್ಲ, ನಂದು. ಮಗು ಕೈ ಎತ್ತಿತ್ತು, ನಾನು ನೋಡಲಿಲ್ಲ. ಕ್ಲಾಸಲ್ಲಿ ಒಬ್ಬರಾದ್ರೂ ದೊಡ್ಡವರು ಕಣ್ಣು ಕಟ್ಟಿಕೊಳ್ಳದೆ, ಚುಕ್ಕೆಗೂ ಕಣ್ಣು ಕೊಡದೆ ನಿಂತಿರಬೇಕು, ಅಷ್ಟೇ. ನಾನೇ ನಿಲ್ತೀನಿ. ಪಾಠಕ್ಕೆ ಇದು ಇರಲಿ. ಆದ್ರೆ ಪ್ರವಾಸಕ್ಕೆ ಬಸ್ಸೇ ಬೇಕು."

"ಇದೂ ಬೇಕು, ಅದೂ ಬೇಕಾ?"

"ಬೇಕು ಸರ್."

ಅಧ್ಯಕ್ಷರು ಮೇಜನ್ನು ಗೆಣ್ಣಿನಿಂದ ಕುಟ್ಟಿದರು. ಗಟ್ಟಿ ಮರದ ಸದ್ದು ಬಂದಿರಬೇಕು. ದೊಡ್ಡ ಮಿಸ್ ಕಡೆ ತಿರುಗಿ, "ಬಸ್ಸು ಹೇಳಿಬಿಡಿ" ಎಂದರು. ದೊಡ್ಡ ಮಿಸ್ ಪೆನ್ನಿನ ಮುಚ್ಚಳ ತೆಗೆದು ಈ ಸಲ ಬರೆದುಕೊಂಡರು. ಕಂಪನಿಯವನು ನಿಟ್ಟುಸಿರು ಬಿಟ್ಟು ಕನ್ನಡಕಗಳನ್ನು ಎಣಿಸಿಕೊಳ್ಳತೊಡಗಿದ.

ಬಾಗಿಲವರೆಗೆ ಹೋದ ಅಧ್ಯಕ್ಷರು ನಿಂತು ತಿರುಗಿದರು.

"ಒಂದ್ ಮಾತು ಮಿಸ್. ಇಷ್ಟು ವರ್ಷ ಆ ನದಿಗೆ ಹೋಗಿಬಂದಿದ್ದೀರಿ. ಇವತ್ತು ಇದರಲ್ಲೂ ನದಿ ನೋಡಿದ್ರಿ. ನಿಜ ಹೇಳಿ, ಎರಡರಲ್ಲಿ ಯಾವುದು ಚೆನ್ನಾಗಿದೆ?"

ದೊಡ್ಡ ಮಿಸ್ ಪೆನ್ನು ನಿಲ್ಲಿಸಿದರು. ಮಣ್ಣಿನ ವಾಸನೆ, ನೀರಿನ ತಂಪು, ಅಂಥದ್ದೇನೋ ಒಂದು ಒಳ್ಳೆಯ ಮಾತು ಬರುತ್ತದೆಂದು ಕಂಪನಿಯವನು ಕೂಡ ಎಣಿಕೆ ಬಿಟ್ಟು ಕಾದ. ಹದ್ದು ಮಿಸ್ ಪ್ರಾಮಾಣಿಕವಾಗಿ ಯೋಚಿಸಿದರು.

"ಗೊತ್ತಿಲ್ಲ ಸರ್" ಎಂದರು. "ಆ ನದಿ ನಾನು ಇನ್ನೂ ನೋಡಿಲ್ಲ. ಅಲ್ಲಿ ಮಕ್ಕಳನ್ನ ನೋಡ್ತಿರ್ತೀನಲ್ಲ."